ಮೀನಿಗಿಂತ ಮೊದಲು ನೀರು: ಕಲಬುರಗಿಯಲ್ಲಿ ಜಲ ವಿಷಶಾಸ್ತ್ರದ ಕೆಲಸ

ಜಲ ವಿಷಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡಬೇಕೆಂದು ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ: ಯಾವ ಮೀನು, ಯಾವ ಕೀಟನಾಶಕ? ಸಿನಾಪ್ಸಿಸ್‌ನ ಶೀರ್ಷಿಕೆಯೂ ಆ ಅಚ್ಚಿನಲ್ಲೇ ಇರುತ್ತದೆ, ಇಂಥ ಔಷಧ, ಇಂಥ ಮೀನಿನ ಮೇಲೆ ಅದರ ಪರಿಣಾಮ. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೂತು ಈ ಕೆಲಸ ಮಾಡುವವರು ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದದ್ದು, ಯಾವ ನೀರು? ಅರ್ಧದಷ್ಟು ಮೀನುಗಳನ್ನು ಕೊಲ್ಲುವ ಸಾಂದ್ರತೆಗೆ ಎಲ್‌ಸಿ 50 ಎನ್ನುತ್ತೇವೆ. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಬಂದ ಎಲ್‌ಸಿ 50 ಕರಾವಳಿಯ ಮೆದು ನೀರಿನಲ್ಲಿ ಹಾಗೇ ಬರುವುದಿಲ್ಲ. ಪೇಪರಿನಲ್ಲಿ ಆ ಸಂಖ್ಯೆಯನ್ನು ಔಷಧದ ಹೆಸರಿಗೆ ಬರೆಯುತ್ತೇವೆ. ಅದರಲ್ಲಿ ನೀರಿನ ಪಾಲು ಎಷ್ಟು ಎಂದು ಅಳೆದವರು ಕಡಿಮೆ.

ಒಳಗೆ ಬರುವ ದಾರಿ ಎಲ್ಲರಿಗೂ ಗೊತ್ತಿರುವುದೇ. ಪ್ರಾಣಿಶಾಸ್ತ್ರ, ಪರಿಸರ ವಿಜ್ಞಾನ ಅಥವಾ ಜೀವರಸಾಯನದಲ್ಲಿ ಎಂ.ಎಸ್ಸಿ, ಆಮೇಲೆ ಸಿಎಸ್‌ಐಆರ್-ಯುಜಿಸಿ ನೆಟ್ ಅರ್ಹತಾ ಪರೀಕ್ಷೆ. ಅದರಲ್ಲಿ ಕಿರಿಯ ಸಂಶೋಧನಾ ವೇತನ (ಜೆಆರ್‌ಎಫ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಹಿರಿಯ ವೇತನಕ್ಕೆ (ಎಸ್‌ಆರ್‌ಎಫ್) ಏರಿದರೆ 42,000. ಯುಜಿಸಿಯ 2022ರ ನಿಯಮದಂತೆ ಕೋರ್ಸ್‌ವರ್ಕ್‌ಗೆ ಕನಿಷ್ಠ 12 ಕ್ರೆಡಿಟ್, ಪಿಎಚ್‌.ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6. ಮೂರು ವರ್ಷ ಅಂದರೆ ಬಹಳ ಎನಿಸುತ್ತದೆ. ಆದರೆ ರೋಹು, ಕಾಟ್ಲಾ ಮರಿ ಚೆನ್ನಾಗಿ ಸಿಗುವುದು ಮಳೆಗಾಲದಲ್ಲಿ ಮಾತ್ರ. ಒಂದು ಹಂಗಾಮು ತಪ್ಪಿತೆಂದರೆ ಒಂದು ವರ್ಷವೇ ಹೋಯಿತು. ಅದಕ್ಕೇ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮತಿಗೆ ಕೋರ್ಸ್‌ವರ್ಕ್ ನಡೆಯುವಾಗಲೇ ಅರ್ಜಿ ಹಾಕಬೇಕು. ಮೀನಿನ ಒಟ್ಟು ಸಂಖ್ಯೆ, ಅಷ್ಟೇ ಯಾಕೆ ಬೇಕು, ಪ್ರಯೋಗ ಮುಗಿದ ಮೇಲೆ ಬದುಕುಳಿದವನ್ನು ಏನು ಮಾಡುತ್ತೀರಿ, ಎಲ್ಲವನ್ನೂ ಅಲ್ಲಿ ಬರೆಯಬೇಕಾಗುತ್ತದೆ. ಈ ಲೆಕ್ಕ ಹಾಕಲು ಕೂತಾಗಲೇ ಪ್ರಯೋಗದ ವಿನ್ಯಾಸದ ತೂತುಗಳು ಕಾಣಿಸಿಕೊಳ್ಳುತ್ತವೆ.

ನೀರಿಗೆ ಬರೋಣ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು. ಕಲಬುರಗಿಯ ಕಪ್ಪು ಮಣ್ಣಿನ ಕೆಳಗೆ ಬಸಾಲ್ಟ್. ಯಾದಗಿರಿಯ ಗ್ರಾನೈಟ್ ಸೀಮೆಯಲ್ಲಿ ಫ್ಲೋರೈಡ್ ಕಾಟ. ಬೀದರಿನ ಕೆಂಪು ಮುರದ ಗುಡ್ಡದ ನೀರು ಇವೆಲ್ಲಕ್ಕಿಂತ ಮೆದು. ಮೀನಿನ ತೀವ್ರ ವಿಷತ್ವ ಪರೀಕ್ಷೆಗೆ ನಾವು ಅನುಸರಿಸುವುದು ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 203ನೇ ಮಾರ್ಗಸೂಚಿ. ಅದು ಕೇಳುವ ಗಡಸುತನ (ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣ), ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ, ಲೀಟರಿಗೆ 10ರಿಂದ 250 ಮಿ.ಗ್ರಾಂ. ನಮ್ಮ ಕಡೆ ಬೋರ್‌ವೆಲ್ ನೀರು ಈ ಗೆರೆ ದಾಟುವುದು ಹೊಸದೇನಲ್ಲ. ಅಳೆಯುವುದು ಸುಲಭ: 50 ಮಿ.ಲೀ ನೀರು, 1 ಮಿ.ಲೀ ಅಮೋನಿಯಾ ಬಫರ್, ಬಣ್ಣದ ಸೂಚಕವಾಗಿ ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ, 0.01 ಮೋಲಾರ್ ಇಡಿಟಿಎ. ದ್ರಾಕ್ಷಿಗೆಂಪು ಹೋಗಿ ನೀಲಿ ಬಂದಾಗಿನ ಬ್ಯುರೆಟ್ ಓದನ್ನು 20ರಿಂದ ಗುಣಿಸಿದರೆ ಗಡಸುತನ. ಇದನ್ನು ವರ್ಷಕ್ಕೊಮ್ಮೆ ಅಳೆದು ಪ್ರಬಂಧದ ಕೋಷ್ಟಕದಲ್ಲಿ ಹಾಕಿಬಿಡುವ ರೂಢಿ ಇದೆ. ಒಂದೇ ಬೋರ್‌ವೆಲ್ ಏಪ್ರಿಲ್‌ನಲ್ಲಿ ಕೊಡುವ ನೀರು ಬೇರೆ, ಸೆಪ್ಟೆಂಬರ್‌ನಲ್ಲಿ ಕೊಡುವುದು ಬೇರೆ. ಹಾಗಾಗಿ ಪ್ರತಿ ಪರೀಕ್ಷೆಗೂ ಅಳೆಯಲೇಬೇಕು.

ಲೋಹಗಳ ಮೇಲೆ ಕೆಲಸ ಮಾಡುವವರಿಗಂತೂ ಇದು ಜೀವನ್ಮರಣದ ಪ್ರಶ್ನೆ. ತಾಮ್ರ, ಕ್ಯಾಡ್ಮಿಯಂ, ಸತುವು ಮೀನಿನ ಕಿವಿರಿನಲ್ಲಿ ಯಾವ ಜಾಗಕ್ಕೆ ಅಂಟಬೇಕೋ ಅದೇ ಜಾಗಕ್ಕೆ ಕ್ಯಾಲ್ಸಿಯಂ ಪೈಪೋಟಿ ಮಾಡುತ್ತದೆ. ಮೇಲೆ ಬೈಕಾರ್ಬೊನೇಟ್, ಕಾರ್ಬೊನೇಟ್‌ಗಳು ತಾಮ್ರವನ್ನು ಹಿಡಿದು ಕೂರಿಸುತ್ತವೆ. ಗಡಸು ನೀರಿನಲ್ಲಿ ತಾಮ್ರದ ಎಲ್‌ಸಿ 50 ಮೆದು ನೀರಿನದ್ದಕ್ಕಿಂತ ಹಲವು ಪಟ್ಟು ಹೆಚ್ಚು ಬರುವುದು ಇದರಿಂದಲೇ. ಗಡಸುತನ ಬರೆಯದೆ ಪ್ರಕಟಿಸಿದ ತಾಮ್ರದ ಎಲ್‌ಸಿ 50ಯನ್ನು ಇನ್ನೊಬ್ಬರು ಯಾವುದಕ್ಕೂ ಹೋಲಿಸಲಾರರು. ಇನ್ನೊಂದು ಮಾಮೂಲಿ ಗೊಂದಲ ಲವಣದ್ದು. ಮೈಲುತುತ್ತದಲ್ಲಿ, ಅಂದರೆ ಐದು ಅಣು ನೀರಿರುವ ಕಾಪರ್ ಸಲ್ಫೇಟಿನಲ್ಲಿ, ತಾಮ್ರ ಇರುವುದು ಶೇ 25.4 ಮಾತ್ರ. ಲೀಟರಿಗೆ 1000 ಮಿ.ಗ್ರಾಂ ತಾಮ್ರದ ಸ್ಟಾಕ್ (ಗಟ್ಟಿ ಮೂಲ ದ್ರಾವಣ) ಬೇಕೆಂದರೆ 3.93 ಗ್ರಾಂ ಲವಣ ತೂಗಬೇಕು. ಕ್ರೋಮಿಯಂಗಾದರೆ 2.829 ಗ್ರಾಂ ಪೊಟ್ಯಾಶಿಯಂ ಡೈಕ್ರೊಮೇಟ್. ಫಲಿತಾಂಶ ಲೋಹದ ಲೆಕ್ಕದಲ್ಲಿದೆಯೋ ಲವಣದ ಲೆಕ್ಕದಲ್ಲಿದೆಯೋ ಎಂದು ಬರೆಯದ ಪೇಪರುಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಓದುವವನಿಗೆ ನಾಲ್ಕು ಪಟ್ಟು ವ್ಯತ್ಯಾಸ ಅಲ್ಲೇ ಆಗಿಹೋಗುತ್ತದೆ.

ಪರಿಹಾರ ಎರಡು. ಬೋರ್‌ವೆಲ್ ನೀರಿಗೆ ಆರ್‌ಒ ನೀರು ಬೆರೆಸಿ ಗಡಸುತನ ಇಳಿಸುವುದು ಒಂದು. ಇಲ್ಲವೇ ಡಿಅಯಾನೈಸ್ಡ್, ಅಂದರೆ ಲವಣವೆಲ್ಲ ತೆಗೆದ, ನೀರಿಗೆ ಬೇಕಾದ ಲವಣ ಹಾಕಿ ನೀರನ್ನೇ ಕಟ್ಟುವುದು. ಎರಡನೆಯದು ದುಬಾರಿ, ಆದರೆ ಜಗತ್ತಿನ ಯಾವ ಮೂಲೆಯ ಪ್ರಯೋಗಾಲಯದ ಜೊತೆಗೂ ಹೋಲಿಸಬಹುದು. ನಾಲ್ಕು ಸ್ಟಾಕ್ ಮಾಡಿಟ್ಟುಕೊಳ್ಳಬೇಕು, ಎಲ್ಲವೂ ಲೀಟರಿನ ಲೆಕ್ಕ: ಎರಡು ಅಣು ನೀರಿನ ಕ್ಯಾಲ್ಸಿಯಂ ಕ್ಲೋರೈಡ್ 11.76 ಗ್ರಾಂ, ಏಳು ಅಣು ನೀರಿನ ಮೆಗ್ನೀಸಿಯಂ ಸಲ್ಫೇಟ್ 4.93 ಗ್ರಾಂ, ಸೋಡಿಯಂ ಬೈಕಾರ್ಬೊನೇಟ್ 2.59 ಗ್ರಾಂ, ಪೊಟ್ಯಾಶಿಯಂ ಕ್ಲೋರೈಡ್ 0.23 ಗ್ರಾಂ. ಪ್ರತಿಯೊಂದರಿಂದ 25 ಮಿ.ಲೀ ತೆಗೆದು ಒಟ್ಟು ಒಂದು ಲೀಟರ್ ಮಾಡಿದರೆ ಗಡಸುತನ ಸರಿಯಾಗಿ 250. ಅದಕ್ಕಿಂತ ಮೆದು ಬೇಕೆಂದರೆ ಡಿಅಯಾನೈಸ್ಡ್ ನೀರು ಬೆರೆಸಿ ಇಳಿಸುತ್ತೇವೆ. ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಸ್ಟಾಕುಗಳನ್ನು ಗಟ್ಟಿಯಾಗಿರುವಾಗಲೇ ಒಂದರ ಮೇಲೊಂದು ಸುರಿದರೆ ಬಿಳಿ ಕದಡು ಕೂರುತ್ತದೆ. ಮೊದಲು ಮುಕ್ಕಾಲು ಪಾಲು ನೀರು, ಆಮೇಲೆ ಒಂದೊಂದಾಗಿ ಸ್ಟಾಕ್, ಕೊನೆಗೆ ರಾತ್ರಿಯಿಡೀ ಗಾಳಿ.

ನಲ್ಲಿ ನೀರು ಬಳಸುವವರಿಗೆ ಕ್ಲೋರಿನ್ ತಲೆನೋವು. ಒಂದೆರಡು ದಿನ ಗಾಳಿ ಹಾಯಿಸಿದರೆ ಹೋಗುತ್ತದೆ. ಅವಸರದವರು ಸೋಡಿಯಂ ಥಯೋಸಲ್ಫೇಟ್ ಹಾಕುತ್ತಾರೆ. ಮೀನು ಸಾಕುವ ತೊಟ್ಟಿಗೆ ಅದು ನಡೆದೀತು, ಪರೀಕ್ಷೆಯ ತೊಟ್ಟಿಗೆ ಬೇಡ. ಥಯೋಸಲ್ಫೇಟ್ ಉಳಿದುಕೊಂಡರೆ ತಾಮ್ರದಂಥ ಲೋಹವನ್ನು ಕಟ್ಟಿಹಾಕುತ್ತದೆ. ಆಮ್ಲಜನಕ ಅಳೆಯುವ ವಿಂಕ್ಲರ್ ವಿಧಾನದಲ್ಲಿ ಬಿಡುಗಡೆಯಾಗುವ ಅಯೋಡಿನ್ನನ್ನೂ ತಿಂದು, ಕರಗಿದ ಆಮ್ಲಜನಕ ಇದ್ದುದಕ್ಕಿಂತ ಕಡಿಮೆ ತೋರಿಸುತ್ತದೆ. ಆಮೇಲೆ ಮೀನು ಉಸಿರುಗಟ್ಟಿ ಸತ್ತಿತೋ ವಿಷದಿಂದ ಸತ್ತಿತೋ ಎಂಬ ವಾದ ಶುರು.

ಆಮ್ಲಜನಕದ ಲೆಕ್ಕ ಇಲ್ಲಿ ಬಿಗಿ. ಸಮುದ್ರ ಮಟ್ಟದಲ್ಲಿ 30 ಡಿಗ್ರಿ ನೀರು ಹಿಡಿದಿಟ್ಟುಕೊಳ್ಳುವುದೇ ಲೀಟರಿಗೆ ಸುಮಾರು 7.6 ಮಿ.ಗ್ರಾಂ. ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ 7.2ರ ಆಸುಪಾಸು. ಮಾರ್ಗಸೂಚಿ ಕೇಳುವುದು ಇದರ ಶೇ 60, ಅಂದರೆ 4.3. ರಾತ್ರಿ ಕರೆಂಟ್ ಹೋಗಿ ಗಾಳಿ ಪಂಪು ನಿಂತರೆ ಬೆಳಗಿನ ಓದು ಆ ಗೆರೆಯ ಕೆಳಗೇ ಇರುತ್ತದೆ. ಬ್ಯಾಟರಿ ಪಂಪು ಮೊದಲು ಕೊಳ್ಳಿ, ಸ್ಪೆಕ್ಟ್ರೊಫೋಟೋಮೀಟರ್ ಆಮೇಲೆ.

ಅಮೋನಿಯಾ ಇನ್ನೂ ಮೋಸಗಾರ. ಮೀನು ಬಿಡುವ ಅಮೋನಿಯಾದಲ್ಲಿ ವಿಷವಾಗಿರುವುದು ಅಯಾನು ಆಗದ ಪಾಲು. 30 ಡಿಗ್ರಿಯಲ್ಲಿ ಪಿಎಚ್ 7 ಇದ್ದರೆ ಆ ಪಾಲು ಶೇ 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಶೇ 7.5. ನಮ್ಮ ನೀರು ಕ್ಷಾರ, ನಮ್ಮ ಬೇಸಿಗೆ ಉರಿ. ಕಂಟ್ರೋಲ್ ತೊಟ್ಟಿಯಲ್ಲಿ, ಅಂದರೆ ಹೋಲಿಕೆಗೆಂದು ವಿಷ ಹಾಕದೆ ಇಟ್ಟ ತೊಟ್ಟಿಯಲ್ಲಿ, ಮೂರನೇ ದಿನ ಮೀನು ಸಾಯತೊಡಗಿತೆಂದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಕಂಟ್ರೋಲ್‌ನಲ್ಲಿ ಶೇ 10ಕ್ಕಿಂತ ಹೆಚ್ಚು ಸತ್ತರೆ ಇಡೀ ಪರೀಕ್ಷೆ ರದ್ದು. ಕಂಟ್ರೋಲ್‌ನ ಸಾವನ್ನು ಲೆಕ್ಕದಿಂದ ಕಳೆಯುವ ಅಬಾಟ್ ಸೂತ್ರ ಹಚ್ಚಿ ತಿದ್ದಿಕೊಳ್ಳೋಣ ಎನ್ನುವವರಿದ್ದಾರೆ. ಆ ಸೂತ್ರ ಹುಟ್ಟಿದ್ದು ಹೊಲದ ಕೀಟಗಳ ಲೆಕ್ಕಕ್ಕೆ, 1925ರಲ್ಲಿ. ಕೆಟ್ಟ ನೀರಿನ ತಪ್ಪನ್ನು ಅದು ತೊಳೆಯಲಾರದು.

ಮರಿಗಳನ್ನು ಸರ್ಕಾರಿ ಮೀನುಮರಿ ಕೇಂದ್ರದಿಂದ ತರುವುದು ವಾಡಿಕೆ. ಪಾಲಿಥಿನ್ ಚೀಲದಲ್ಲಿ ಮೂರನೇ ಒಂದು ಪಾಲು ನೀರು, ಉಳಿದದ್ದು ಆಮ್ಲಜನಕ. ಪ್ರಯಾಣ ರಾತ್ರಿ, ಹಿಂದಿನ ದಿನದಿಂದ ಮೇವು ಬಂದ್. ತಂದ ಚೀಲವನ್ನು ಅರ್ಧ ಗಂಟೆ ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಲೋಟ ಲೋಟವಾಗಿ ಚೀಲಕ್ಕೆ ಬೆರೆಸಿ, ಆಮೇಲೆ ಮೀನು ಬಿಡಬೇಕು. ಮರಿ ಕೇಂದ್ರದ ನೀರಿಗೂ ನಿಮ್ಮ ನೀರಿಗೂ ಗಡಸುತನದಲ್ಲಿ ಅಜಗಜಾಂತರ ಇದ್ದರೆ ಈ ಹೆಜ್ಜೆಗೆ ಇನ್ನಷ್ಟು ಹೊತ್ತು ಕೊಡಿ. ಮೊದಲ ಎರಡು ದಿನ ಸತ್ತವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಪ್ರಯಾಣದ ಪೆಟ್ಟು. ಮುಂದಿನ ಏಳು ದಿನದಲ್ಲಿ ಶೇ 5ಕ್ಕಿಂತ ಕಡಿಮೆ ಸತ್ತರೆ ಆ ತಂಡ ಪಾಸು, 5ರಿಂದ 10 ಆದರೆ ಇನ್ನೊಂದು ವಾರ ಕಾಯಬೇಕು, 10 ದಾಟಿದರೆ ಇಡೀ ತಂಡ ತಿರಸ್ಕಾರ. ಸೋಂಕು ಬರಬಾರದೆಂದು ಪರ್ಮಾಂಗನೇಟ್‌ನಲ್ಲೋ ಫಾರ್ಮಲಿನ್‌ನಲ್ಲೋ ಅದ್ದಿ ತೆಗೆಯುವುದು ಮೀನು ಸಾಕುವವರ ರೂಢಿ. ಪರೀಕ್ಷೆಗೆ 14 ದಿನ ಇರುವಾಗಿನಿಂದ ಅಂಥ ಯಾವ ಉಪಚಾರವೂ ಕೂಡದು. ಅದು ಕಿವಿರಿನ ಪೊರೆಯನ್ನು ಸುಡುತ್ತದೆ, ಆ ಗಾಯವನ್ನು ಕೀಟನಾಶಕದ ತಲೆಗೆ ಕಟ್ಟಿದಂತಾಗುತ್ತದೆ.

ಈಗ ಡೋಸ್. ಹೊಲಕ್ಕೆ ಹೊಡೆಯುವ ಡಬ್ಬಿಯ ಔಷಧ ತಗೊಳ್ಳಬೇಕೋ, ಶುದ್ಧ ಟೆಕ್ನಿಕಲ್ ದರ್ಜೆಯದ್ದೋ? ಎರಡಕ್ಕೂ ಕಾರಣ ಇದೆ. ಡಬ್ಬಿಯ ಇಸಿಯಲ್ಲಿ (ನೀರಿಗೆ ಬೆರೆಸಿ ಹೊಡೆಯುವ ಗಟ್ಟಿ ದ್ರವ) ದ್ರಾವಕ, ನೀರಿನಲ್ಲಿ ಬೆರೆಯುವಂತೆ ಮಾಡುವ ಎಮಲ್ಸಿಫೈಯರ್ ಇರುತ್ತವೆ, ಅವೂ ಮೀನಿಗೆ ವಿಷವೇ. ರೈತ ಹೊಡೆಯುವುದು ಅದನ್ನೇ ಆದ್ದರಿಂದ ನೆಲದ ವಾಸ್ತವಕ್ಕೆ ಹತ್ತಿರ. ಅಣುವಿನ ಬಗ್ಗೆ ಮಾತಾಡಬೇಕೆಂದರೆ ಟೆಕ್ನಿಕಲ್ ದರ್ಜೆ ಬೇಕು. ಯಾವುದನ್ನು ಬಳಸಿದರೂ ಶುದ್ಧತೆ, ಬ್ಯಾಚ್ ಸಂಖ್ಯೆ ಬರೆಯಬೇಕು. ಲೆಕ್ಕ ಹೀಗೆ: ಗಾತ್ರಕ್ಕೆ ತೂಕದ ಶೇ 20 ಇಸಿ ಎಂದರೆ ಮಿ.ಲೀಗೆ 200 ಮಿ.ಗ್ರಾಂ. ಅದರ 1 ಮಿ.ಲೀಯನ್ನು ಒಂದು ಲೀಟರ್ ಮಾಡಿದರೆ ಸ್ಟಾಕ್‌ನ ಪ್ರತಿ ಮಿ.ಲೀಯಲ್ಲಿ 200 ಮೈಕ್ರೋಗ್ರಾಂ. ಈ ಸ್ಟಾಕ್ 1 ಮಿ.ಲೀ, 20 ಲೀಟರ್ ತೊಟ್ಟಿಗೆ ಹಾಕಿದರೆ ಲೀಟರಿಗೆ 10 ಮೈಕ್ರೋಗ್ರಾಂ. ಲೇಬಲ್ಲಿನಲ್ಲಿ ಶೇಕಡಾವಾರು ತೂಕಕ್ಕೆ ತೂಕ ಎಂದಿದ್ದರೆ ಆ ದ್ರವ ಮಿ.ಲೀಗೆ ಎಷ್ಟು ಗ್ರಾಂ ತೂಗುತ್ತದೆ ಎಂಬುದರಿಂದಲೂ ಗುಣಿಸಬೇಕು. ಇದನ್ನು ನೋಡದೆ ಮುಂದೆ ಹೋಗುವವರೇ ಹೆಚ್ಚು. ಸ್ಟಾಕ್ ಹಾಲಿನಂತೆ ಬೆಳ್ಳಗಿರುತ್ತದೆ, ಹತ್ತು ನಿಮಿಷ ಬಿಟ್ಟರೆ ತಳ ಕಾಣುತ್ತದೆ. ಪ್ರತಿ ಸಲ ಕುಲುಕಿಯೇ ಪಿಪೆಟ್ ಹಾಕಬೇಕು, ದಿನವೂ ಹೊಸದು ಮಾಡಬೇಕು. ಟೆಕ್ನಿಕಲ್ ದರ್ಜೆಗೆ ಅಸಿಟೋನ್ ಬಳಸಿದರೆ ಲೀಟರಿಗೆ 0.1 ಮಿ.ಲೀ ಮೀರಬಾರದು, ಅಷ್ಟೇ ಅಸಿಟೋನ್ ಹಾಕಿದ ಇನ್ನೊಂದು ಕಂಟ್ರೋಲ್ ಇಡಬೇಕು. ಅಸಿಟೋನ್ ಬ್ಯಾಕ್ಟೀರಿಯಾಕ್ಕೆ ಊಟ. ಹೆಚ್ಚಾದರೆ ಆಮ್ಲಜನಕ ಇಳಿಯುತ್ತದೆ.

ಮೊದಲು ಅಂದಾಜು ಪರೀಕ್ಷೆ: 0.01, 0.1, 1, 10 ಎಂದು ಹತ್ತು ಪಟ್ಟಿನ ಅಂತರದಲ್ಲಿ, ತೊಟ್ಟಿಗೆ ಮೂರು ಮೀನು. ಎಲ್ಲ ಸಾಯುವ ಮತ್ತು ಯಾವುದೂ ಸಾಯದ ಮಟ್ಟಗಳ ನಡುವೆ ಅಂತಿಮ ಪರೀಕ್ಷೆಯ ಐದು ಸಾಂದ್ರತೆಗಳನ್ನು ಗುಣೋತ್ತರದಲ್ಲಿ ಕೂರಿಸಬೇಕು. 1, 1.8, 3.2, 5.6, 10 ನಮಗೆ ಅನುಕೂಲದ ಸಾಲು. ಪಟ್ಟು 2.2 ದಾಟದಿರಲಿ. ತೊಟ್ಟಿಗೆ ಕನಿಷ್ಠ ಏಳು ಮೀನು, ನಾವು ಹತ್ತು ಹಾಕುತ್ತೇವೆ. ಒಂದೂವರೆ ಗ್ರಾಂ ತೂಕದ ಹತ್ತು ಮರಿಗೆ 20 ಲೀಟರ್ ನೀರು ಕೊಟ್ಟರೆ ಲೀಟರಿಗೆ 0.75 ಗ್ರಾಂ ಹೊರೆ, ಅದು ಸರಿ. ಐದು ಸಾಂದ್ರತೆ, ಒಂದು ಕಂಟ್ರೋಲ್, ದಿನಕ್ಕೊಮ್ಮೆ ನೀರು ಬದಲು ಎಂದರೆ 96 ಗಂಟೆಗೆ 480 ಲೀಟರ್. ಜೋಡಿ ತೊಟ್ಟಿ ಇಟ್ಟರೆ 960. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಊರಿನಲ್ಲಿ ಈ ಸಂಖ್ಯೆಯೇ ಪ್ರಯೋಗದ ಹಂಗಾಮು ನಿರ್ಧರಿಸುತ್ತದೆ.

ಹಂಗಾಮು ನಿರ್ಧರಿಸುವ ಇನ್ನೊಂದು ಸಂಗತಿ ಸೆಖೆ. ಪರೀಕ್ಷೆಯುದ್ದಕ್ಕೂ ತಾಪಮಾನ 2 ಡಿಗ್ರಿಗಿಂತ ಹೆಚ್ಚು ಅಲ್ಲಾಡಬಾರದು. ಮೇ ತಿಂಗಳಲ್ಲಿ ಎ.ಸಿ ಇಲ್ಲದೆ ಅದು ಕನಸು. ಚಳಿಗಾಲದಲ್ಲೂ ಹಗಲಿಗೂ ರಾತ್ರಿಗೂ ಭಾರಿ ಅಂತರ, ಸಣ್ಣ ತೊಟ್ಟಿಯ ನೀರು ಗೋಡೆಯ ಜೊತೆಗೇ ತಣ್ಣಗಾಗುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಹವೆ ಸ್ಥಿರ, ಮರಿಯೂ ಸಿಗುತ್ತದೆ, ನೀರೂ ಇರುತ್ತದೆ. ಮೀನಿನ ಕೆಲಸವನ್ನೆಲ್ಲ ಈ ಅವಧಿಗೆ ಗುಡ್ಡೆ ಹಾಕಿ, ಉಳಿದ ತಿಂಗಳು ಕಿಣ್ವ, ಸ್ಲೈಡು, ಬರವಣಿಗೆ ಇಟ್ಟುಕೊಳ್ಳುವುದು ಜಾಣತನ.

ಸಾವನ್ನು 24, 48, 72, 96 ಗಂಟೆಗೆ ದಾಖಲಿಸುತ್ತೇವೆ, ಮೊದಲ ದಿನ ಇನ್ನೂ ಆಗಾಗ. ಕಿವಿರಿನ ಚಲನೆ ನಿಂತು, ಬಾಲದ ಬುಡ ಮುಟ್ಟಿದರೂ ಪ್ರತಿಕ್ರಿಯೆ ಇಲ್ಲದಿದ್ದರೆ ಸತ್ತಂತೆ. ಅದಕ್ಕೂ ಮುಂಚಿನದ್ದು ಹೆಚ್ಚು ಹೇಳುತ್ತದೆ. ಮಲಾಥಿಯಾನ್‌ನಂಥ ಆರ್ಗನೋಫಾಸ್ಫೇಟ್ ಕೀಟನಾಶಕದ ತೊಟ್ಟಿಯಲ್ಲಿ ಮೀನು ಮೊದಲು ಗಾಬರಿಬಿದ್ದು ಗಾಜಿಗೆ ಡಿಕ್ಕಿ ಹೊಡೆಯುತ್ತದೆ, ಆಮೇಲೆ ಎದೆಯ ರೆಕ್ಕೆಗಳನ್ನು ಮುಂದಕ್ಕೆ ಸೆಟೆದುಕೊಂಡು ಸಣ್ಣಗೆ ನಡುಗುತ್ತದೆ, ಒಂದು ಮಗ್ಗುಲಿಗೆ ವಾಲಿ ಸುರುಳಿ ಸುತ್ತುತ್ತದೆ. ಮೈ ಮೇಲೆ ಲೋಳೆ ದಾರದಂತೆ ಇಳಿಬಿದ್ದಿರುತ್ತದೆ. ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಕೀಟನಾಶಕದಲ್ಲಿ ನೀರಿನ ಮೇಲ್ಮೈಗೆ ಬಂದು ಗಾಳಿ ನುಂಗುವುದು, ಕೆಮ್ಮಿದಂತೆ ಕಿವಿರು ಒದರುವುದು ಹೆಚ್ಚು. ಪೈರೆಥ್ರಾಯ್ಡ್‌ಗಳು ಲೀಟರಿಗೆ ಮೈಕ್ರೋಗ್ರಾಂ ಮಟ್ಟದಲ್ಲೇ ಕೊಲ್ಲುತ್ತವೆ, ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟುತ್ತವೆ. ಪ್ಲಾಸ್ಟಿಕ್ ಟಬ್ಬಿನಲ್ಲಿ ಸೈಪರ್‌ಮೆಥ್ರಿನ್ ಪರೀಕ್ಷೆ ಮಾಡಿದರೆ ಔಷಧದ ಒಂದು ಪಾಲು ಟಬ್ಬಿಗೆ ಹೋಗಿರುತ್ತದೆ, ಎಲ್‌ಸಿ 50 ಸುಳ್ಳೇ ಹೆಚ್ಚು ಬರುತ್ತದೆ. ಗಾಜೇ ಬೇಕು.

ಹಾಕಿದ್ದು ಎಷ್ಟು ಎನ್ನುವುದಕ್ಕಿಂತ ನೀರಿನಲ್ಲಿ ಉಳಿದದ್ದು ಎಷ್ಟು ಎನ್ನುವುದು ಮುಖ್ಯ. ಅಳೆದ ಸಾಂದ್ರತೆ ಹಾಕಿದ್ದರ ಶೇ 80ರಿಂದ 120ರೊಳಗೆ ನಿಲ್ಲದಿದ್ದರೆ ಅಳೆದದ್ದರ ಮೇಲೇ ಲೆಕ್ಕ ಮಾಡಬೇಕು. ಕ್ಷಾರ ನೀರಿನಲ್ಲಿ ಮಲಾಥಿಯಾನ್, ಪ್ರೊಫೆನೊಫಾಸ್‌ನಂಥವು ಬೇಗ ಒಡೆಯುತ್ತವೆ, ಸೆಖೆ ಅದಕ್ಕೆ ಇನ್ನೂ ಕುಮ್ಮಕ್ಕು ಕೊಡುತ್ತದೆ. ಬೆಳಿಗ್ಗೆ ಹಾಕಿದ್ದು ಸಂಜೆಗೆ ಅಷ್ಟೇ ಇರುತ್ತದೆಂದು ನಂಬುವುದು ಕಷ್ಟ. ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಕೈಗೆ ಸಿಗದಿದ್ದರೆ ಮಾದರಿಯನ್ನು ಹೈದರಾಬಾದಿಗೆ ಕಳಿಸುವುದೇ ಹತ್ತಿರದ ದಾರಿ. ಕಂದು ಗಾಜಿನ ಬಾಟಲಿ, ಟೆಫ್ಲಾನ್ ಹಚ್ಚಿದ ಮುಚ್ಚಳ, ಬಾಯಿವರೆಗೆ ತುಂಬಿ ಮಂಜುಗಡ್ಡೆಯ ಡಬ್ಬಿಯಲ್ಲಿ. ನೀರಿನಿಂದ ಔಷಧವನ್ನು ಬೇರ್ಪಡಿಸುವ ಕೆಲಸ ಏಳು ದಿನದೊಳಗೆ ಆಗಬೇಕು. ಅದನ್ನು ಇಲ್ಲೇ ಮಾಡಿ ಸಾರವನ್ನು ಕಳಿಸಿದರೆ 40 ದಿನ ಅವಕಾಶ ಸಿಗುತ್ತದೆ. ಲೋಹದ ಮಾದರಿಗೆ ಪಾಲಿಥಿನ್ ಬಾಟಲಿ, ಅದೂ ರಾತ್ರಿಯಿಡೀ ಶೇ 10 ನೈಟ್ರಿಕ್ ಆಮ್ಲದಲ್ಲಿ ನೆನೆದದ್ದು. ಮಾದರಿಯ ಪಿಎಚ್ 2ಕ್ಕಿಂತ ಕೆಳಗಿಳಿಯುವಷ್ಟು ನೈಟ್ರಿಕ್ ಆಮ್ಲ ಹಾಕಿ ಮುಚ್ಚಬೇಕು.

ಸಾವಿನ ಶೇಕಡಾವಾರಿಗೆ ನೇರ ಗೆರೆ ಎಳೆದು ಎಲ್‌ಸಿ 50 ತೆಗೆಯುವ ಫಿನ್ನಿಯ ಪ್ರಾಬಿಟ್ ವಿಧಾನ ಸಂಖ್ಯಾಶಾಸ್ತ್ರದಲ್ಲಿ ಎಲ್ಲರೂ ಬಲ್ಲದ್ದು. ನಡುವಿನ ಕನಿಷ್ಠ ಎರಡು ಸಾಂದ್ರತೆಯಲ್ಲಾದರೂ ಭಾಗಶಃ ಸಾವು ಇದ್ದರೆ ಮಾತ್ರ ಅದರ ಗೆರೆಗೆ ಅರ್ಥ. ಇಲ್ಲದಿದ್ದರೆ ಗೆರೆ ಬೇಡದ ಸ್ಪಿಯರ್‌ಮನ್-ಕಾರ್ಬರ್ ವಿಧಾನ. ಶೇ 95ರ ವಿಶ್ವಾಸ ಮಿತಿ ಇಲ್ಲದ ಎಲ್‌ಸಿ 50ಯನ್ನು ಯಾವ ಒಳ್ಳೆಯ ಪತ್ರಿಕೆಯೂ ಈಗ ತೆಗೆದುಕೊಳ್ಳುವುದಿಲ್ಲ. ಆಮೇಲಿನ ಹಂತದಲ್ಲಿ, ಎಲ್‌ಸಿ 50ಯ ಹತ್ತನೇ ಒಂದು ಪಾಲನ್ನು 'ಸುರಕ್ಷಿತ' ಎಂದು ಹಿಡಿದು 30 ದಿನ ಮೀನು ಸಾಕಿ ಕಿಣ್ವ ಅಳೆಯುವ ಪದ್ಧತಿ ಬೇರೂರಿಬಿಟ್ಟಿದೆ. ಆ ಹತ್ತನೇ ಒಂದಕ್ಕೆ ಜೀವಶಾಸ್ತ್ರದ ಆಧಾರ ಇಲ್ಲ. ನದಿಯಲ್ಲಿ ನಿಜಕ್ಕೂ ಸಿಗುವ ಮಟ್ಟವನ್ನು ಒಂದು ಡೋಸ್ ಆಗಿ ಇಟ್ಟುಕೊಂಡರೆ ಕೆಲಸಕ್ಕೆ ತೂಕ ಬರುತ್ತದೆ. ಇನ್ನೊಂದು ತಪ್ಪು ಎಣಿಕೆಯದ್ದು. ಒಂದೇ ತೊಟ್ಟಿಯ ಹತ್ತು ಮೀನು ಹತ್ತು ಪುನರಾವರ್ತನೆ ಆಗುವುದಿಲ್ಲ, ಅವೆಲ್ಲ ಕುಡಿದದ್ದು ಒಂದೇ ನೀರು. ಎಣಿಸಬೇಕಾದದ್ದು ತೊಟ್ಟಿಯನ್ನು.

ಆರ್ಗನೋಫಾಸ್ಫೇಟ್ ಕೆಲಸದಲ್ಲಿ ಮಿದುಳಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್, ಅಂದರೆ ಈ ಔಷಧಗಳು ಕಟ್ಟಿಹಾಕುವ ನರದ ಕಿಣ್ವ, ಅಳೆಯುವುದು ತಪ್ಪಿದ್ದಲ್ಲ. 1961ರ ಎಲ್ಮನ್ ವಿಧಾನ ಈಗಲೂ ರಾಜ. ಪಿಎಚ್ 8ರ 0.1 ಮೋಲಾರ್ ಫಾಸ್ಫೇಟ್ ಬಫರ್ 2.6 ಮಿ.ಲೀ, ಮಿ.ಲೀಗೆ 20 ಮಿ.ಗ್ರಾಂ ಅಂಗಾಂಶ ಅರೆದ ದ್ರಾವಣ 0.4 ಮಿ.ಲೀ, ಬಣ್ಣ ಕೊಡುವ ರಾಸಾಯನಿಕ ಡಿಟಿಎನ್‌ಬಿ 0.01 ಮೋಲಾರ್, 100 ಮೈಕ್ರೋಲೀಟರ್. ಇಲ್ಲಿ ಐದು ಹತ್ತು ನಿಮಿಷ ತಡೆಯಬೇಕು. ಅಂಗಾಂಶದಲ್ಲೇ ಇರುವ ಥಯೋಲ್ ಎಂಬ ಗಂಧಕದ ಸಂಯುಕ್ತಗಳು ಡಿಟಿಎನ್‌ಬಿಯ ಜೊತೆ ಹಳದಿ ಬಣ್ಣ ಕೊಡುತ್ತವೆ, ಆ ಏರಿಕೆ ನಿಂತ ಮೇಲೆ ಓದನ್ನು ಸೊನ್ನೆ ಮಾಡಿ 0.075 ಮೋಲಾರ್ ಅಸಿಟೈಲ್‌ಥಯೋಕೋಲಿನ್ ಅಯೋಡೈಡ್ 20 ಮೈಕ್ರೋಲೀಟರ್ ಹಾಕಬೇಕು. 412 ನ್ಯಾನೋಮೀಟರ್‌ನಲ್ಲಿ ನಿಮಿಷಕ್ಕಾಗುವ ಏರಿಕೆಯನ್ನು 0.000574ರಿಂದ ಗುಣಿಸಿ, ಅಂಗಾಂಶದ ಸಾಂದ್ರತೆಯಿಂದ ಭಾಗಿಸಿದರೆ ಉತ್ತರ. ಆ 0.000574 ಎಲ್ಲಿಂದ ಬಂತು ಎಂದು ಕೇಳಿದರೆ ಬಹಳ ಜನ ತಡವರಿಸುತ್ತಾರೆ. 13,600 ಎಂಬ ಹೀರಿಕೆ ಗುಣಾಂಕ ಮತ್ತು 3.12 ಮಿ.ಲೀಯಲ್ಲಿ 0.4 ಮಿ.ಲೀ ಅಂಗಾಂಶ ಎಂಬ ಅನುಪಾತ, ಇವೆರಡು ಸೇರಿದ ಸಂಖ್ಯೆ ಅದು. ಮೈಕ್ರೋಪ್ಲೇಟಿಗೆ ಬದಲಿಸಿಕೊಂಡು, ಗಾತ್ರಗಳನ್ನೆಲ್ಲ ಇಳಿಸಿ, ಅದೇ ಸಂಖ್ಯೆಯಿಂದ ಗುಣಿಸಿದ ಪ್ರಬಂಧಗಳಿವೆ. ಪ್ಲೇಟಿನಲ್ಲಿ ಬೆಳಕು ಹಾಯುವ ದಾರಿಯೂ 1 ಸೆಂ.ಮೀ ಇರುವುದಿಲ್ಲ. ತಾಪ ನಿಯಂತ್ರಣ ಇಲ್ಲದ ಉಪಕರಣದಲ್ಲಿ ಬೆಳಿಗ್ಗೆ ಕಂಟ್ರೋಲ್, ಮಧ್ಯಾಹ್ನ ಡೋಸ್ ಓದಿದರೆ ಸೆಖೆಯೇ ಕಿಣ್ವದ ವೇಗ ಏರಿಸಿ, ಔಷಧದ ಹೊಡೆತವನ್ನು ಮುಚ್ಚಿಹಾಕುತ್ತದೆ. ಎರಡನ್ನೂ ಸರದಿ ಬೆರೆಸಿ ಓದಬೇಕು. ಸಣ್ಣ ಮರಿಗಳ ಮೂರ್ನಾಲ್ಕು ಮಿದುಳು ಕೂಡಿಸಿ ಅರೆದರೆ ಅದು ಒಂದೇ ಮಾದರಿ ಎಂಬುದೂ ನೆನಪಿರಲಿ.

ಕಿವಿರಿನ ಸ್ಲೈಡ್ ಬಗ್ಗೆ ಎರಡೇ ಮಾತು. ಎಳೆಗಳ ಮೇಲ್ಪೊರೆ ಎದ್ದು ನಿಂತದ್ದನ್ನು ವಿಷದ ಪರಿಣಾಮ ಎಂದು ಬರೆಯುವ ಮುಂಚೆ, ಮೀನು ಸತ್ತು ಎಷ್ಟು ಹೊತ್ತಿಗೆ ಅಂಗಾಂಶ ಕೆಡದಂತೆ ಹಿಡಿದಿಡುವ ಬೌಯಿನ್ ದ್ರಾವಣಕ್ಕೆ ಬಿತ್ತು ಎಂದು ನೋಡಿ. ತಡವಾದರೆ ಕಂಟ್ರೋಲ್ ಮೀನಿನಲ್ಲೂ ಪೊರೆ ಏಳುತ್ತದೆ. ಇನ್ನು ಕಲಬುರಗಿಯ ಏಪ್ರಿಲ್, ಮೇನಲ್ಲಿ ಮೇಣದಲ್ಲಿ ಹುದುಗಿಸಿದ ಅಂಗಾಂಶವನ್ನು 5 ಮೈಕ್ರಾನ್ ತೆಳುವಾಗಿ ಕತ್ತರಿಸುವವರು 58ರಿಂದ 60 ಡಿಗ್ರಿಗೆ ಕರಗುವ ಗಟ್ಟಿ ಮೇಣವನ್ನೇ ತಗೊಳ್ಳಬೇಕು, ಬ್ಲಾಕನ್ನು ಮಂಜುಗಡ್ಡೆಯ ಮೇಲಿಟ್ಟು ಕತ್ತರಿಸಬೇಕು, ಬೆಳಿಗ್ಗೆ ಹತ್ತರೊಳಗೆ ಮುಗಿಸಬೇಕು. ಇಲ್ಲದಿದ್ದರೆ ರಿಬ್ಬನ್ ಮುದುಡಿ ಬ್ಲೇಡಿಗೆ ಅಂಟುತ್ತದೆ.

ಇಷ್ಟೆಲ್ಲ ಆದ ಮೇಲೆ ಕೇಳಬೇಕಾದ ಪ್ರಶ್ನೆ, ಮೀನೇ ಯಾಕೆ? ತೊಗರಿಯ ಹಸಿರು ಕಾಯಿಕೊರಕಕ್ಕೆ ಈಗ ಹೊಡೆಯುವ ಕ್ಲೋರಾಂಟ್ರಾನಿಲಿಪ್ರೋಲ್ ಮೀನಿಗೆ ಅಷ್ಟಾಗಿ ತಾಗುವುದಿಲ್ಲ, ನೀರಿನ ಸಣ್ಣ ಕಠಿಣಚರ್ಮಿ ಡಾಫ್ನಿಯಾಕ್ಕೆ ಬಲು ವಿಷ. ಇಮಿಡಾಕ್ಲೋಪ್ರಿಡ್‌ಗಾದರೆ ಡಾಫ್ನಿಯಾ ಕೂಡ ತಡೆದುಕೊಳ್ಳುತ್ತದೆ, ಸಾಯುವುದು ಜಲಕೀಟಗಳ ಮರಿಗಳು. ರೋಹುವಿನ ಮೇಲೆ ಇವುಗಳ ಎಲ್‌ಸಿ 50 ತೆಗೆದು 'ಪರಿಸರಕ್ಕೆ ಸುರಕ್ಷಿತ' ಎಂದು ಬರೆದರೆ ಅದು ತಪ್ಪು ಜೀವಿಗೆ ಕೇಳಿದ ಸಾಕ್ಷಿ. ಮೀನೇ ಬೇಕೆಂದಾದರೆ ಜೀಬ್ರಾಮೀನಿನ ಭ್ರೂಣದ ಪರೀಕ್ಷೆ ಇದೆ, ಒಇಸಿಡಿ 2013ರಲ್ಲಿ ಒಪ್ಪಿದ 236ನೇ ಮಾರ್ಗಸೂಚಿ. 24 ಗುಳಿಗಳ ತಟ್ಟೆ, ಗುಳಿಗೆ 2 ಮಿ.ಲೀ ನೀರು, ಸಾಂದ್ರತೆಗೆ 20 ಮೊಟ್ಟೆ, 26 ಡಿಗ್ರಿ, 96 ಗಂಟೆ. ಮೊಟ್ಟೆ ಹೆಪ್ಪುಗಟ್ಟಿತೇ, ದೇಹಖಂಡಗಳು ಮೂಡಲಿಲ್ಲವೇ, ಬಾಲ ಹಳದಿಚೀಲದಿಂದ ಬಿಡಿಸಿಕೊಳ್ಳಲಿಲ್ಲವೇ, ಎದೆಬಡಿತ ಇಲ್ಲವೇ, ಈ ನಾಲ್ಕನ್ನು ನೋಡಿದರೆ ಸಾಕು. 480 ಲೀಟರಿನ ಜಾಗದಲ್ಲಿ ಒಂದೆರಡು ಲೀಟರಿನಲ್ಲಿ ಕೆಲಸ ಆಗುತ್ತದೆ. ನೀರಿಲ್ಲದ ನಾಡಿಗೆ ಹೇಳಿ ಮಾಡಿಸಿದಂಥದ್ದು.

ಪ್ರಯೋಗಾಲಯದಿಂದ ಹೊಳೆಗೆ ಇಳಿದಾಗ ನೀರಿನ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ. ಭೀಮಾ ಹುಟ್ಟುವುದು ಮಹಾರಾಷ್ಟ್ರದ ಭೀಮಾಶಂಕರದಲ್ಲಿ. ಉಜನಿ ಅಣೆಕಟ್ಟು, ಪಂಢರಪುರ ದಾಟಿ ಅಫಜಲಪುರ ತಾಲ್ಲೂಕಿಗೆ ಬರುವ ಹೊತ್ತಿಗೆ ಬೇರೆಯವರ ಹೊರೆಯನ್ನು ಹೊತ್ತೇ ಬಂದಿರುತ್ತದೆ. ಹಾಗಾಗಿ ಕಲಬುರಗಿ ಜಿಲ್ಲೆಯೊಳಗೆ ಭೀಮಾದ ಮೇಲ್ದಂಡೆಯನ್ನು ಶುದ್ಧ ಕಂಟ್ರೋಲ್ ಎಂದು ಕರೆಯಲು ಬರುವುದಿಲ್ಲ. ಗಾಣಗಾಪುರದಲ್ಲಿ ಭೀಮಾ ಸೇರುವ ಅಮರ್ಜಾ ಹೊಳೆಯ ಮೇಲ್ಭಾಗವನ್ನೋ ಬೆಣ್ಣೆತೊರೆ ಜಲಾಶಯವನ್ನೋ ಹೋಲಿಕೆಗೆ ಇಟ್ಟುಕೊಳ್ಳಬಹುದು, ಗಡಸುತನ, ಪಿಎಚ್ ಹತ್ತಿರವಿದ್ದರೆ. ಸುಣ್ಣಕಲ್ಲಿನ ಸೀಮೆಯಿಂದ ಬರುವ ಕಾಗಿಣಾ ನದಿಗೆ ಕಾಗಿಣಾದ್ದೇ ಮೇಲ್ಭಾಗ ಬೇಕು. ಮಾದರಿ ತೆಗೆಯುವ ಕಾಲವೂ ಬೆಳೆಯ ಮೇಲೆ ನಿಂತಿದೆ. ತೊಗರಿಗೆ ಹೂವು, ಕಾಯಿ ಕಟ್ಟುವ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಔಷಧ ಹೊಡೆಯುತ್ತಾರೆ, ಆಗ ಮಳೆ ಕಡಿಮೆ. ಹೊಳೆಯಲ್ಲಿ ಹುಡುಕುವ ಬದಲು ಸ್ಪ್ರೇ ಪಂಪು ತೊಳೆಯುವ ಕೆರೆಯಂಚು, ಹಳ್ಳದ ಮಡುವು ನೋಡಬೇಕು. ಶಹಾಪುರ, ಸುರಪುರದ ಭತ್ತದ ಗದ್ದೆಗಳಿಂದ ಕಾಲುವೆ ನೀರು ಬಸಿದು ಹಳ್ಳ ಸೇರುತ್ತಲೇ ಇರುವುದರಿಂದ ಅಲ್ಲಿ ಲೆಕ್ಕ ಬೇರೆ. ಜೂನಿನ ಮೊದಲ ದೊಡ್ಡ ಮಳೆ ಮಣ್ಣಿಗೆ ಅಂಟಿದ್ದನ್ನು ತರುತ್ತದೆ. ಪೈರೆಥ್ರಾಯ್ಡ್ ಹುಡುಕುವವರು ನೀರಿಗಿಂತ ತಳದ ಕೆಸರನ್ನು ತೆಗೆಯಬೇಕು.

ಕಾರ್ಖಾನೆ ನೀರಿನ ಪರೀಕ್ಷೆಗೆ ಕಾನೂನಿನ ಅಳತೆ ಇದೆ: 1986ರ ಪರಿಸರ ಸಂರಕ್ಷಣಾ ನಿಯಮಗಳ ಪ್ರಕಾರ ದುರ್ಬಲಗೊಳಿಸದ ಶೇ 100 ತ್ಯಾಜ್ಯ ನೀರಿನಲ್ಲಿ 96 ಗಂಟೆ ಕಳೆದಾಗ ಶೇ 90 ಮೀನು ಬದುಕಿರಬೇಕು. ಬೀದರಿನ ಕೊಳಾರದಂಥ ಕೈಗಾರಿಕಾ ಪ್ರದೇಶದ ಸುತ್ತ ಕೆಲಸ ಮಾಡುವವರು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಗಾಳಿ ಹಾಯಿಸದೆ ಮಾಡಿದರೆ ಸಾವಯವ ಹೊರೆಯೇ ಆಮ್ಲಜನಕ ತಿಂದು ಮೀನು ಕೊಲ್ಲುತ್ತದೆ, ಗಾಳಿ ಹಾಯಿಸಿದರೆ ಹಾರಿಹೋಗುವ ದ್ರಾವಕಗಳು ಹೋಗಿಬಿಡುತ್ತವೆ. ಎರಡೂ ಬಗೆ ಮಾಡಿ, ಎರಡನ್ನೂ ಬರೆಯುವುದೇ ಸರಿ.

ಹೊಳೆಯಲ್ಲೇ ಪಂಜರ ಕಟ್ಟಿ ಮೀನು ಬಿಟ್ಟು ನೋಡುವುದು ಇದೆಲ್ಲದರ ಕೊನೆಯ ಮೆಟ್ಟಿಲು. ಪ್ರಯೋಗಾಲಯದಲ್ಲಿ ಒಗ್ಗಿಸಿದ ಒಂದೇ ತಂಡದ ಮೀನುಗಳನ್ನು ಮೇಲೆ, ಕೆಳಗೆ, ಹೋಲಿಕೆಯ ಜಾಗದಲ್ಲಿ ಇಟ್ಟು, ತೆಗೆದ ಕೂಡಲೇ ಮಿದುಳನ್ನು ಮಂಜುಗಡ್ಡೆಗೆ ಹಾಕುತ್ತೇವೆ. ಪಂಜರದ ಬಲೆಗೆ ಪಾಚಿ ಕಟ್ಟಿ ನೀರಿನ ಹರಿವು ನಿಲ್ಲುತ್ತದೆ, ಎರಡು ಮೂರು ದಿನಕ್ಕೊಮ್ಮೆ ಉಜ್ಜಬೇಕು. ಹತ್ತಿರದ ಮೀನುಗಾರರಿಗೆ ಮೊದಲೇ ಹೇಳಿಟ್ಟು ಒಬ್ಬರನ್ನು ಕಾಯಲು ಒಪ್ಪಿಸದಿದ್ದರೆ ಪಂಜರ ಮಾಯ. ಹಗ್ಗವನ್ನು ದಡದ ಮರಕ್ಕೆ ಬಿಗಿದು ಕಟ್ಟಬಾರದು. ಭೀಮಾಕ್ಕೆ ಕಟ್ಟಿರುವ ಸೊನ್ನ ಬ್ಯಾರೇಜಿನ ಗೇಟು ತೆರೆದರೆ ಕೆಳಗೆ ನೀರು ಏರುತ್ತದೆ, ಮುಚ್ಚಿದರೆ ಇಳಿಯುತ್ತದೆ. ತಳಕ್ಕೆ ಕಲ್ಲಿನ ಲಂಗರು, ಮೇಲೆ ಖಾಲಿ ಡಬ್ಬಿಯ ತೇಲು, ನಡುವೆ ಆ ಏರಿಳಿತಕ್ಕೆ ಸಾಲುವಷ್ಟು ಸಡಿಲ ಹಗ್ಗ, ಹೀಗಿದ್ದರೆ ಪಂಜರ ಮೇಲ್ಮೈಯಿಂದ ಒಂದಡಿ ಕೆಳಗೇ ನಿಂತಿರುತ್ತದೆ.